‘ಸಾರ್ ಮುಖ ಸರಿ ಇರ್ಲಿಲ್ಲ’: ಸಿಟ್ಟು ತಡೆಯಲಾಗದ ಶಿಫ್ಟ್ ಇನ್‌ಚಾರ್ಜ್ ಒಬ್ಬರಿಗೆ ಉತ್ತರ

ಪ್ರಶ್ನೆ: ನನಗೆ 36 ವರ್ಷ. ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಆಪರೇಟರ್ ಆಗಿ ಸೇರಿದವನು, ಆರು ತಿಂಗಳ ಹಿಂದೆ ಶಿಫ್ಟ್ ಇನ್‌ಚಾರ್ಜ್ ಆದೆ. ಕೈಕೆಳಗೆ 22 ಜನ ಇದ್ದಾರೆ. ಕೆಲಸ ಗೊತ್ತು, ಜನರನ್ನು ನಡೆಸುವುದು ಗೊತ್ತಾಗುತ್ತಿಲ್ಲ. ಸಿಟ್ಟು ಬೇಗ ಬರುತ್ತದೆ. ಕಳೆದ ತಿಂಗಳು ಒಬ್ಬ ಟ್ರೈನಿ ಹುಡುಗನಿಗೆ ಎಲ್ಲರ ಎದುರು ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ನೋಡಿದರೆ ತಪ್ಪು ಅವನದಲ್ಲ, ಹಿಂದಿನ ಶಿಫ್ಟಿನವರದು. ಅವತ್ತಿನಿಂದ ಶಾಪ್ ಫ್ಲೋರ್ ಮೌನವಾಗಿದೆ. ಕಂಪನಿಯವರು ಎರಡು ದಿನದ ಲೀಡರ್‌ಶಿಪ್ ಟ್ರೈನಿಂಗಿಗೆ ಕಳಿಸಿದ್ದರು. ಅಲ್ಲಿ ವಿಷನ್, ಕಮ್ಯುನಿಕೇಷನ್ ಅಂತ ಹೇಳಿಕೊಟ್ಟರು. ನಮ್ಮಪ್ಪ ಮಾತ್ರ ‘ಮೊದಲು ನಿನ್ನನ್ನ ನೀನು ಹಿಡಿತದಲ್ಲಿ ಇಟ್ಕೋ’ ಅಂತಾರೆ. ಆದರೆ ಸ್ಟೀವ್ ಜಾಬ್ಸ್ ಥರದ ಸಿಡುಕರೂ ದೊಡ್ಡ ನಾಯಕರಾಗಿದ್ದಾರಲ್ವಾ? ಗುಣಕ್ಕೂ ನಾಯಕತ್ವಕ್ಕೂ ನಿಜವಾಗಿ ಸಂಬಂಧ ಇದೆಯಾ, ಇಲ್ಲಾ ಇದೆಲ್ಲ ಬರೀ ಉಪದೇಶವಾ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು ಸಿಟ್ಟಿನ ಮಾತಿನ ಮೇಲಲ್ಲ. ‘ಅವತ್ತಿನಿಂದ ಶಾಪ್ ಫ್ಲೋರ್ ಮೌನವಾಗಿದೆ’ ಅಂತ ಬರೆದಿದ್ದೀರಲ್ಲ, ಅದರ ಮೇಲೆ. ಆ ಮೌನ ನನಗೆ ಚೆನ್ನಾಗಿ ಗೊತ್ತು. ಅದರ ಬೆಲೆಯೂ ಗೊತ್ತು.

ಈಗ ನಾನು ಊರೂರು ತಿರುಗಿ ಮೇಲ್ವಿಚಾರಕರಿಗೆ ಪಾಠ ಹೇಳುತ್ತೇನೆ. ಅದಕ್ಕೂ ಮೊದಲು 14 ವರ್ಷ ಶಾಪ್ ಫ್ಲೋರಿನಲ್ಲೇ ಇದ್ದೆ. ಇನ್‌ಚಾರ್ಜ್ ಆದಾಗ ನಿಮಗಿಂತ ಚಿಕ್ಕವನು, ನಿಮಗಿಂತ ಜಾಸ್ತಿ ಸಿಡುಕ. ನಾವು ಟ್ರ್ಯಾಕ್ಟರ್ ಹೈಡ್ರಾಲಿಕ್ಸ್‌ಗೆ ಹೋಗುವ ಒಂದು ಬುಷ್, ಅಂದರೆ ಉಂಗುರದಂಥ ಲೋಹದ ಬಿಡಿಭಾಗ, ಮಾಡುತ್ತಿದ್ದೆವು. ಒಳವ್ಯಾಸ 32 ಮಿಲಿಮೀಟರ್, ಟಾಲರೆನ್ಸ್ 25 ಮೈಕ್ರಾನ್. ಅಂದರೆ ತಲೆಗೂದಲಿನ ಅರ್ಧ ದಪ್ಪದಷ್ಟೂ ಆಚೀಚೆ ಆಗುವ ಹಾಗಿಲ್ಲ. ಒಂದು ದಿನ ಬೆಳಗ್ಗೆ ಒಬ್ಬ ಆಪರೇಟರ್ ಇನ್‌ಸರ್ಟ್ (ಲೋಹ ಕೊರೆಯುವ ಮೊನೆ) ಬದಲಿಸಿದ, ಹಳೆಯದರ ಸವೆತಕ್ಕೆಂದು ಮಷೀನಿಗೆ ಕೊಟ್ಟಿದ್ದ ಆಫ್‌ಸೆಟ್ (ಅಳತೆಯ ತಿದ್ದುಪಡಿ) ವಾಪಸ್ ತೆಗೆಯೋದು ಮರೆತ. ತೂತು ದೊಡ್ಡದಾಗಿಯೇ ಬರತೊಡಗಿತು. ಪ್ಲಗ್ ಗೇಜ್ ಹಾಕಿ ನೋಡುವ ಒಬ್ಬ ಹೆಲ್ಪರ್ ಇದ್ದ, ಹದಿನೆಂಟು ಹತ್ತೊಂಬತ್ತರ ಹುಡುಗ. ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋಗಬಾರದ ತುದಿ ಸಲೀಸಾಗಿ ಒಳಗೆ ಹೋಯಿತು. ಹುಡುಗ ಅದನ್ನು ನೋಡಿದ. ಎರಡು ಪೀಸ್ ಪಕ್ಕಕ್ಕಿಟ್ಟ. ತಿರುಗಿ ನನ್ನ ಟೇಬಲ್ ಕಡೆ ಒಂದು ಸಲ ನೋಡಿದ. ಸುಮ್ಮನಾದ.

ನಾಲ್ಕು ಗಂಟೆಗೆ ಲಾರಿ ಹೋಯಿತು, 380 ಪೀಸ್. ಮೂರನೇ ದಿನ ಗಿರಾಕಿಯ ಲೈನ್ ನಿಂತಿತು. ಫೋನು, ಮೀಟಿಂಗು, ರಾತ್ರಿಯೆಲ್ಲ ಅಲ್ಲೇ ಕೂತು ಒಂದೊಂದೇ ಪೀಸ್ ಆರಿಸುವ ಕೆಲಸ. ಎಲ್ಲ ಮುಗಿದ ಮೇಲೆ ಆ ಹುಡುಗನನ್ನು ಕೇಳಿದೆ: ‘ಗೊತ್ತಾಗಿತ್ತಲ್ಲೋ, ಯಾಕೆ ಹೇಳ್ಲಿಲ್ಲ?’ ಅವನು ನೆಲ ನೋಡಿಕೊಂಡು ಹೇಳಿದ: ‘ಬೆಳಗ್ಗೆ ಸಾರ್ ಮುಖ ಸರಿ ಇರ್ಲಿಲ್ಲ.’

ಅಷ್ಟೇ. ಅವನ ಕಣ್ಣು ಸರಿ ಇತ್ತು, ಗೇಜ್ ಸರಿ ಇತ್ತು, ನನ್ನ ಮುಖ ಸರಿ ಇರಲಿಲ್ಲ. ಆಮೇಲೆ ತಿಳಿದದ್ದು: ನಮ್ಮವರು ದಿನಾ ಬೆಳಗ್ಗೆ ಒಳಗೆ ಬರುವ ಮೊದಲು ಗೇಟಿನ ಸೆಕ್ಯೂರಿಟಿಯವನನ್ನು ಕೇಳುತ್ತಿದ್ದರಂತೆ, ‘ಇವತ್ತು ಹವಾ ಹೇಗಿದೆ?’ ಅಂತ. ನಾನೇ ಆ ಹವಾ!

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಧರ್ಮಬೋಧೆಯ ಕಡೆಯಿಂದ ಬರುತ್ತಿಲ್ಲ, ರಿಜೆಕ್ಷನ್ ಲೆಕ್ಕದ, ಅಂದರೆ ಕೆಟ್ಟು ತಿರಸ್ಕೃತವಾದ ಪೀಸ್‌ಗಳ ಲೆಕ್ಕದ, ಕಡೆಯಿಂದ ಬರುತ್ತಿದೆ. ಮೇಲೆ ಕೂತವನಿಗೆ ನಿಜವಾಗಿ ಬೇಕಾದ್ದು ಒಂದೇ: ಕೆಟ್ಟ ಸುದ್ದಿ, ಅದೂ ಬೇಗ. ಒಳ್ಳೆ ಸುದ್ದಿ ತಾನಾಗಿ ಓಡಿ ಬರುತ್ತದೆ, ಅದಕ್ಕೆ ಯಾರೂ ಧೈರ್ಯ ಮಾಡಬೇಕಿಲ್ಲ. ಕೆಟ್ಟ ಸುದ್ದಿ ಹೊತ್ತು ತರುವವನು ಮಾತ್ರ ಒಂದು ಗಳಿಗೆ ನಿಂತು ನಿಮ್ಮ ಮುಖ ನೋಡುತ್ತಾನೆ. ನಿಮ್ಮನ್ನು ನೀವು ಆಳಿಕೊಳ್ಳದಿದ್ದರೆ ಅವನು ಅಲ್ಲಿಂದಲೇ ವಾಪಸ್ ಹೋಗುತ್ತಾನೆ. ಬೈಗುಳ ತಿಂದವನಿಗೆ ಆ ದಿನ ಸಂಕಟ. ಬೈದವನು ಮಾತ್ರ ಅವತ್ತಿನಿಂದ ಕುರುಡ. ಅದು ಅವನಿಗೆ ಗೊತ್ತೂ ಆಗುವುದಿಲ್ಲ. ಎಲ್ಲ ಶಾಂತವಾಗಿದೆ, ಜನ ಹದ್ದುಬಸ್ತಿನಲ್ಲಿದ್ದಾರೆ ಅಂತಲೇ ಅಂದುಕೊಂಡಿರುತ್ತಾನೆ.

ಇದು ಬುಷ್ ಮಾಡುವವರ ಕಥೆ ಮಾತ್ರ ಅಲ್ಲ. ಈ ಪಾಠವನ್ನು ಎಲ್ಲರಿಗಿಂತ ದುಬಾರಿ ಬೆಲೆ ಕೊಟ್ಟು ಕಲಿತವರು ವಿಮಾನದವರು. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪ. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ದೊಡ್ಡ ದೊಡ್ಡ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ಇಳಿದಿದ್ದವು. ದಟ್ಟ ಮಂಜು. ಡಚ್ ವಿಮಾನದ ಕ್ಯಾಪ್ಟನ್ ಅವರ ಕಂಪನಿಯಲ್ಲೇ ದೊಡ್ಡ ಹೆಸರು. ಬೇರೆ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದವರು, ಕಂಪನಿಯ ಜಾಹೀರಾತಿನಲ್ಲೂ ಅವರದೇ ಫೋಟೊ. ಡ್ಯೂಟಿ ಸಮಯ ಮೀರುತ್ತದೆ ಅನ್ನುವ ಆತಂಕ, ಹೊರಡುವ ಅವಸರ. ಅಪ್ಪಣೆ ಸ್ಪಷ್ಟವಾಗಿ ಸಿಗುವ ಮೊದಲೇ ವಿಮಾನ ಓಡಿಸಿಬಿಟ್ಟರು. ಹಿಂದೆ ಕೂತ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಅದೇ ರನ್‌ವೇ ಮೇಲೆ ಸಾಗುತ್ತಿದ್ದ ಅಮೆರಿಕದ ಇನ್ನೊಂದು ವಿಮಾನ ಇನ್ನೂ ಅಲ್ಲೇ ಇದೆಯಲ್ವಾ ಅಂತ ಕೇಳಿದರು. ಇಲ್ಲ, ಹೋಗಿದೆ ಅಂತ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಎಂಜಿನಿಯರ್ ಇನ್ನೊಂದು ಸಲ ಕೇಳಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎರಡು ಜಂಬೋ ಜೆಟ್‌ಗಳು ಡಿಕ್ಕಿಯಾದವು, 583 ಜನ ಸತ್ತರು. ರೇಡಿಯೊ ಗದ್ದಲ, ಮಂಜು, ಮಾತಿನ ಗೊಂದಲ, ಕಾರಣಗಳು ಹಲವು ಇದ್ದವು. ಆದರೆ ಕೊನೇ ಗಳಿಗೆಯಲ್ಲಿ ಸರಿಯಾದ ಅನುಮಾನ ಆ ಕಾಕ್‌ಪಿಟ್ಟಿನಲ್ಲೇ ಇತ್ತು, ಮೂರು ಅಡಿ ದೂರದಲ್ಲಿ.

ಆಮೇಲೆ ಪೈಲಟ್ ತರಬೇತಿಯೇ ಬದಲಾಯಿತು. ಕಿರಿಯರಿಗೆ ಗಟ್ಟಿಯಾಗಿ ಹೇಳುವುದನ್ನು, ಹಿರಿಯರಿಗೆ ಕೇಳಿಸಿಕೊಳ್ಳುವುದನ್ನು ಕಲಿಸಲು ಶುರು ಮಾಡಿದರು. ಅಷ್ಟೆಲ್ಲ ಆದ ಮೇಲೂ 2010ರ ಮೇ 22ರ ಬೆಳಗ್ಗೆ ನಮ್ಮ ಮಂಗಳೂರಿನ ಬಜ್ಪೆಯಲ್ಲಿ ಏನಾಯಿತು ನೆನಪಿದೆಯಲ್ಲ. ದುಬೈಯಿಂದ ಬಂದ ವಿಮಾನ ತೀರಾ ಎತ್ತರದಿಂದ ಇಳಿಯುತ್ತಿತ್ತು. ಇಳಿಸಬೇಡಿ, ಮತ್ತೆ ಮೇಲೆ ಹೋಗೋಣ ಅಂತ ಕೋ-ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ರನ್‌ವೇ ಸಾಲದೆ ವಿಮಾನ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಯಾಕೆಂದರೆ ಕರಾವಳಿಯಲ್ಲಿ ಇದು ಇವತ್ತಿಗೂ ಎಷ್ಟೋ ಮನೆಯ ನೋವು. ಇಲ್ಲಿ ಸಿಟ್ಟಿನ ಪ್ರಶ್ನೆಯೂ ಇಲ್ಲ. ದಾರಿಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಮಾಡಿದ್ದರು, ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲ ಅನ್ನುವುದು ತನಿಖೆಯಲ್ಲಿ ಬಂತು. ಕೋ-ಪೈಲಟ್ ತಾವೇ ಕಂಟ್ರೋಲ್ ತೆಗೆದುಕೊಳ್ಳಬಹುದಾ ಅನ್ನುವ ನಿಯಮವೂ ಸ್ಪಷ್ಟ ಇರಲಿಲ್ಲ. ನಾನು ಹೇಳಬಯಸುವುದು ಇಷ್ಟು: ತನ್ನ ಸ್ಥಿತಿ ತನಗೆ ಗೊತ್ತಿರುವುದು, ‘ಈಗ ನಾನು ಸರಿಯಿಲ್ಲ, ಪಕ್ಕದವನ ಮಾತು ಕೇಳಬೇಕು’ ಅಂತ ಒಪ್ಪಿಕೊಳ್ಳುವುದು, ಇದೂ ಆತ್ಮಸಂಯಮವೇ. ನಾವು ಆ ಮಾತನ್ನು ಸಿಟ್ಟಿಗೆ, ಚಪಲಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ.

ಇನ್ನೊಂದು ಕಥೆ. ಟ್ರೈನಿಂಗಿನಲ್ಲಿ ಬಹುಶಃ ನಿಮಗೂ ಸ್ಲೈಡ್ ಹಾಕಿ ತೋರಿಸಿರುತ್ತಾರೆ, ನಾನೂ ತೋರಿಸುತ್ತಿದ್ದೆ. ಆದರೆ ಅದನ್ನು ಅರ್ಧ ಮಾತ್ರ ಹೇಳುತ್ತೇವೆ ಅಂತ ನನಗೆ ಈಚೆಗೆ ಅನಿಸಿದೆ. ಸತೀಶ್ ಧವನ್ ಅವರದು. ಹಳೇ ಬೆಂಗಳೂರಿನವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು 1962ರಿಂದ 1981ರವರೆಗೆ ನಿರ್ದೇಶಕರು. 1972ರಲ್ಲಿ ಇಸ್ರೋ ಹೊಣೆ ಬಂದಾಗ, ಸಂಸ್ಥೆಯ ಕೆಲಸ ಬಿಡುವುದಿಲ್ಲ, ಇಸ್ರೋ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ಇರಬೇಕು ಅಂತ ಷರತ್ತು ಹಾಕಿ ಒಪ್ಪಿದವರು.

1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಉಪಗ್ರಹ ಹೊತ್ತೊಯ್ಯುವ ಮೊದಲ ಎಸ್‌ಎಲ್‌ವಿ-3 ರಾಕೆಟ್ ಹಾರಿತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಹಾರಿಸುವ ಮೊದಲು ಕಂಪ್ಯೂಟರ್ ತಡೆ ಹಾಕಿತ್ತು. ತೊಂದರೆಯಿಲ್ಲ ಅಂತ ತಜ್ಞರು ಹೇಳಿದ ಮೇಲೆ ಅದನ್ನು ದಾಟಿ ಮುಂದುವರಿಯುವ ತೀರ್ಮಾನ ತಾನೇ ಮಾಡಿದೆ ಅಂತ ಕಲಾಂ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮೊದಲ ಹಂತ ಚೆನ್ನಾಗಿ ಹೋಯಿತು, ಎರಡನೇ ಹಂತ ನಿಯಂತ್ರಣ ತಪ್ಪಿತು, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರು ಕಾದಿದ್ದರು. ಧವನ್ ಕಲಾಂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಮಾತಾಡಿದರು. ಸೋಲು ಒಪ್ಪಿದರು. ನಮ್ಮ ತಂಡದ ಮೇಲೆ ನಂಬಿಕೆ ಇದೆ, ಮುಂದಿನ ಸಲ ಗೆಲ್ಲುತ್ತಾರೆ ಅಂದರು. ಹನ್ನೊಂದು ತಿಂಗಳ ನಂತರ, 1980ರ ಜುಲೈ 18ರಂದು, ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಆವತ್ತು ಧವನ್ ಕಲಾಂ ಅವರಿಗೆ, ಈ ಸಲ ಪತ್ರಿಕಾಗೋಷ್ಠಿ ನೀವೇ ನಡೆಸಿ ಅಂದರು.

ಸೋಲನ್ನು ಮೈಮೇಲೆ ಎಳೆದುಕೊಂಡರಲ್ಲ ಅಂತ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನನಗೆ ಎರಡನೆಯದೇ ಕಷ್ಟದ್ದು ಅನಿಸುತ್ತದೆ. ಬೈಗುಳ ನುಂಗುವುದಕ್ಕೆ ಹಲ್ಲು ಕಚ್ಚಿದರೆ ಸಾಕು. ಆದರೆ ಒಂದು ವರ್ಷ ಸೋಲಿನ ಹೊರೆ ಹೊತ್ತು, ಕೊನೆಗೂ ದೇಶವೇ ಹೊಗಳುವ ದಿನ ಬಂದಾಗ, ಬಾಯಿವರೆಗೆ ಬಂದ ಸಿಹಿಯನ್ನು ಪಕ್ಕದವನ ಕೈಗೆ ಕೊಡುವುದಿದೆಯಲ್ಲ, ಅದು ಯಾರೂ ಒತ್ತಾಯಿಸದೆ ಮಾಡುವ ಕೆಲಸ. ಸಿಟ್ಟಿನ ಹಾಗೆಯೇ ಹೊಗಳಿಕೆಯ ಹಸಿವೂ ಲಗಾಮು ಬೇಕಾದ ಒಂದು ಕುದುರೆ. ನಿಮ್ಮ ಶಿಫ್ಟಿನಲ್ಲೂ ಇದು ತಿಂಗಳಿಗೊಮ್ಮೆ ಬರುತ್ತದೆ. ಪ್ರೊಡಕ್ಷನ್ ಟಾರ್ಗೆಟ್ ಮುಟ್ಟಿದ ದಿನ ಪ್ಲಾಂಟ್ ಹೆಡ್ ಎದುರು ಯಾರ ಹೆಸರು ನಿಮ್ಮ ಬಾಯಿಗೆ ಬರುತ್ತದೆ? ರಿಜೆಕ್ಷನ್ ಜಾಸ್ತಿಯಾದ ದಿನ ಯಾರ ಹೆಸರು? 22 ಜನರೂ ಇದನ್ನು ಲೆಕ್ಕ ಇಡುತ್ತಾರೆ, ಬರೆದುಕೊಳ್ಳುವುದಿಲ್ಲ ಅಷ್ಟೇ.

ಇನ್ನೊಂದು ಮಾತು. ಧವನ್ ಹೊರಗಿನವರ ಮುಂದೆ ತಂಡದ ರಕ್ಷಣೆಗೆ ನಿಂತರು ಅಂದರೆ ಒಳಗೆ ಲೆಕ್ಕ ಕೇಳಲಿಲ್ಲ ಅಂತಲ್ಲ. ಎಲ್ಲಿ ತಪ್ಪಿತು ಅಂತ ಬಿಚ್ಚಿ ನೋಡಿದರು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಸಿಡ್ ಸೋರಿದ್ದು ಸಿಕ್ಕಿತು, ಸರಿ ಮಾಡಿದರು. ಹಿಡಿತದಲ್ಲಿರುವ ಮನುಷ್ಯ ಅಂದರೆ ಮೆತ್ತಗಿನ ಮನುಷ್ಯ ಅಂತ ನಮ್ಮಲ್ಲಿ ಬಹಳ ಜನರಿಗೆ ತಪ್ಪು ಕಲ್ಪನೆ ಇದೆ. ತಪ್ಪಾದ ಪೀಸ್ ತಪ್ಪೇ. ಅದನ್ನು ಬಿಡಬೇಡಿ.

ಈಗ ಸ್ಟೀವ್ ಜಾಬ್ಸ್ ವಿಷಯ. ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಸಿಡುಕರು ಗೆದ್ದಿದ್ದಾರೆ, ಗೆಲ್ಲುತ್ತಲೂ ಇದ್ದಾರೆ. ಗುಣ ಇದ್ದವರೆಲ್ಲ ಗೆಲ್ಲುತ್ತಾರೆ ಅಂತ ನಾನು ಹೇಳಿದರೆ ಅದು ಸುಳ್ಳು. ಆದರೆ ಜಾಬ್ಸ್ 1985ರಲ್ಲಿ ತಾವೇ ಕಟ್ಟಿದ ಆ್ಯಪಲ್ ಕಂಪನಿಯಿಂದ ಹೊರಗೆ ಬೀಳಬೇಕಾಯಿತು, ವಾಪಸ್ ಬರಲು 1997 ಆಯಿತು. ಹೊರಬೀಳಲು ಅವರ ಸ್ವಭಾವವೊಂದೇ ಕಾರಣ ಅಲ್ಲ, ಅದೂ ಒಂದು. ಅವರ ಜೊತೆ ಇದ್ದವರು ಸಿಟ್ಟನ್ನು ತಡೆದುಕೊಂಡದ್ದು ಅವರ ಕಣ್ಣಿಗಾಗಿ, ಅವರು ಮಾಡಿಸುವ ವಸ್ತುವಿಗಾಗಿ. ನನಗೆ ಕಾಣುವ ತಮಾಷೆ ಏನೆಂದರೆ, ಆ ಕಣ್ಣನ್ನು ಯಾರೂ ನಕಲು ಮಾಡಲಿಕ್ಕೆ ಹೋಗುವುದಿಲ್ಲ. ಸಿಟ್ಟನ್ನು ಎಲ್ಲರೂ ನಕಲು ಮಾಡುತ್ತಾರೆ, ಅದಕ್ಕೆ ಖರ್ಚಿಲ್ಲ ನೋಡಿ.

ಹಾಗಾದರೆ ಸಿಟ್ಟು ಬಂದರೆ ಏನು ಮಾಡುವುದು? ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ನುಂಗಿದ್ದು ಎಲ್ಲೋ ಒಂದು ಕಡೆ ಹೊರಗೆ ಬರುತ್ತದೆ, ಸಾಮಾನ್ಯವಾಗಿ ಮನೆಯಲ್ಲಿ. ಇಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಒಂದು ಪತ್ರ ನೆನಪಾಗುತ್ತದೆ. 1863ರ ಜುಲೈ ಮೊದಲ ಮೂರು ದಿನ ಗೆಟ್ಟಿಸ್‌ಬರ್ಗ್‌ನಲ್ಲಿ ಭಯಂಕರ ಯುದ್ಧ ನಡೆಯಿತು. ಲಿಂಕನ್ ಕಡೆಯ ಜನರಲ್ ಮೀಡ್ ಗೆದ್ದರು. ಆ ಸೇನೆಯ ಹೊಣೆ ಅವರಿಗೆ ಸಿಕ್ಕು ಆಗ ಒಂದು ವಾರವೂ ಆಗಿರಲಿಲ್ಲ, ಇದು ಗಮನದಲ್ಲಿರಲಿ. ಸೋತ ಜನರಲ್ ಲೀ ಹಿಂದಕ್ಕೆ ಸರಿದರು. ಮಳೆಗೆ ಪೊಟೊಮ್ಯಾಕ್ ನದಿ ತುಂಬಿ ದಾಟಲಾಗದೆ ದಡದಲ್ಲಿ ಸಿಕ್ಕಿಬಿದ್ದರು. ಅಲ್ಲೇ ಮುತ್ತಿಗೆ ಹಾಕಿದ್ದರೆ ಯುದ್ಧವೇ ಮುಗಿಯುತ್ತಿತ್ತು ಅನ್ನುವುದು ಲಿಂಕನ್ ಲೆಕ್ಕ. ಮೀಡ್ ತಡ ಮಾಡಿದರು. 13ರ ರಾತ್ರಿ ಲೀ ನದಿ ದಾಟಿಬಿಟ್ಟರು.

14ರಂದು ಲಿಂಕನ್ ಮೀಡ್‌ಗೆ ಪತ್ರ ಬರೆದರು. ಎಂಥಾ ಅವಕಾಶ ಕೈಬಿಟ್ಟಿರಿ, ಲೀ ನಿಮ್ಮ ಕೈಗೆ ಸಿಕ್ಕಿದ್ದರು, ಈಗ ಈ ಯುದ್ಧ ಇನ್ನೆಷ್ಟು ದಿನವೋ ಎಂಬ ಅರ್ಥದ, ಓದಿದರೆ ಎದೆ ಸುಡುವ ಪತ್ರ. ಬರೆದು ಮಡಚಿಟ್ಟರು. ಕಳಿಸಲಿಲ್ಲ. ಕಳಿಸಿಲ್ಲ, ಸಹಿಯೂ ಹಾಕಿಲ್ಲ ಅಂತ ಲಕೋಟೆಯ ಮೇಲೆ ತಾವೇ ಗುರುತು ಹಾಕಿಟ್ಟರು. ಮೀಡ್ ಯುದ್ಧದ ಕೊನೆಯವರೆಗೂ ಅದೇ ಸೇನೆಯ ಮುಖ್ಯಸ್ಥರಾಗಿ ಉಳಿದರು.

ಈ ಕಥೆ ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಅಧ್ಯಕ್ಷರಿಗೆ ಬಹಳ ಅಸಮಾಧಾನ ಆಗಿದೆ ಅಂತ ಸೇನಾ ಕಚೇರಿಯಿಂದ ಮೀಡ್‌ಗೆ ಅದೇ ದಿನ ತಂತಿ ಹೋಗಿತ್ತು. ಮೀಡ್ ಸಿಟ್ಟಾಗಿ, ನನ್ನನ್ನು ಬಿಡುಗಡೆ ಮಾಡಿ ಅಂತ ತಿರುಗಿ ತಂತಿ ಕಳಿಸಿದ್ದರು. ಅದನ್ನು ಒಪ್ಪಲಿಲ್ಲ. ಅಂದರೆ ಲಿಂಕನ್ ಏನನ್ನೂ ಮುಚ್ಚಿಡಲಿಲ್ಲ. ತಪ್ಪಾಗಿದೆ ಅನ್ನುವ ಮಾತು ಮುಟ್ಟಬೇಕಾದವರಿಗೆ ಮುಟ್ಟಿತು. ಅದರ ಜೊತೆಗಿದ್ದ ವಿಷ ಮಾತ್ರ ಲಕೋಟೆಯಲ್ಲೇ ಉಳಿಯಿತು. ನೀವು ಕಲಿಯಬೇಕಾದ ಕೈಚಳಕ ಇದೇ. ನಿಮ್ಮ ಶಿಫ್ಟಿಗೂ ಒಂದು ವಾಟ್ಸಾಪ್ ಗ್ರೂಪ್ ಇರುತ್ತದೆ, ಇಲ್ಲದೆ ಇರುವುದುಂಟಾ? ಅದರಲ್ಲಿ ಯಾರನ್ನೂ ಬೈಯಬೇಡಿ, ಯಾವತ್ತೂ. ತಡೆಯಲಾಗದಿದ್ದರೆ ನಿಮ್ಮ ನಂಬರಿಗೇ ನೀವು ಬರೆದು ಕಳಿಸಿಕೊಳ್ಳಿ. ಮರುದಿನ ಟೀ ಹೊತ್ತಿಗೆ ಓದಿ. ನಾನು ಮಾಡಿ ನೋಡಿದ್ದೇನೆ. ಹತ್ತರಲ್ಲಿ ಒಂಬತ್ತು ಓದುವಾಗ ನಾಚಿಕೆಯಾಗುತ್ತದೆ, ಉಳಿದ ಒಂದರಲ್ಲಿ ಹೇಳಲೇಬೇಕಾದ ಮಾತು ಇರುತ್ತದೆ. ಅದನ್ನು ಹೇಳಿ, ಕರೆದು ಕೂರಿಸಿ.

36ಕ್ಕೆ ಸ್ವಭಾವ ಬದಲಾಗುತ್ತದಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಪತ್ರದ ತುಂಬ ಅದೇ ಇದೆ. ಗಾಂಧೀಜಿ ವಿಷಯ ಹೇಳುತ್ತೇನೆ. ಅವರನ್ನು ಹುಟ್ಟಾ ಶಾಂತಮೂರ್ತಿ ಅಂದುಕೊಂಡವರು ಆತ್ಮಕಥೆಯಲ್ಲಿ ಡರ್ಬನ್ ಮನೆಯ ಪ್ರಸಂಗ ಓದಬೇಕು. ಮನೆಯಲ್ಲಿದ್ದ ಗುಮಾಸ್ತರೊಬ್ಬರ ಮಲಪಾತ್ರೆಯನ್ನು ಕಸ್ತೂರ್‌ಬಾ ತೆಗೆಯಬೇಕು, ಅದೂ ನಗುನಗುತ್ತಾ ಅಂತ ಇವರ ಹಟ. ಆಕೆ ಅಳುತ್ತಾ ಮೆಟ್ಟಿಲಿಳಿದರು. ಇವರು ರೇಗಿ, ಆಕೆಯ ಕೈ ಹಿಡಿದು ಗೇಟಿನವರೆಗೆ ದರದರ ಎಳೆದು, ಹೊರಗೆ ತಳ್ಳಲು ಗೇಟ್ ತೆಗೆದರು. ನಿಮಗೆ ನಾಚಿಕೆ ಇಲ್ಲವೇ, ಈ ಪರದೇಶದಲ್ಲಿ ನಾನು ಎಲ್ಲಿ ಹೋಗಲಿ ಅಂತ ಆಕೆ ಕೇಳಿದಾಗ ಇವರಿಗೆ ಎಚ್ಚರವಾಯಿತು. ಆಗ ಗಾಂಧೀಜಿಗೆ ಮೂವತ್ತರ ಆಸುಪಾಸು. ಆ ಮನುಷ್ಯನೇ ಮುಂದೆ ವಾರಕ್ಕೊಂದು ದಿನ, ಸೋಮವಾರ, ಮೌನ ಹಿಡಿದು ಚೀಟಿಯಲ್ಲೇ ಬರೆದು ಉತ್ತರ ಕೊಡುತ್ತಿದ್ದದ್ದು. ಬಾಯಿಗೆ ದಿನಾ ಹಾಕುವ ಬೀಗಕ್ಕೆ ಒಂದು ದಿನದ ಅಭ್ಯಾಸ ಅಂತ ನಾನು ಅದನ್ನು ನೋಡುತ್ತೇನೆ. ಅವರ ಬೇರೆ ಎಷ್ಟೋ ಪ್ರಯೋಗಗಳು ನನಗೆ ಒಪ್ಪಿಗೆಯಿಲ್ಲ, ಆ ಮಾತು ಬೇರೆ. ಆದರೆ ತನ್ನ ತಪ್ಪನ್ನು ಬಣ್ಣ ಹಚ್ಚದೆ ಊರಿಗೆಲ್ಲ ಹೇಳಿದ ನಾಯಕರು ಕಡಿಮೆ.

ಇನ್ನು ನಿಮ್ಮ ಕೆಲಸಕ್ಕೆ ಬರೋಣ. ಮೊದಲು ಆ ಟ್ರೈನಿ ಹುಡುಗನ ಲೆಕ್ಕ ಚುಕ್ತಾ ಮಾಡಿ. ಒಂದು ತಿಂಗಳಾಗಿದೆ, ಪರವಾಗಿಲ್ಲ. ಬೈದದ್ದು ಎಲ್ಲರ ಎದುರು, ಹಾಗಾಗಿ ಕ್ಷಮೆಯೂ ಎಲ್ಲರ ಎದುರೇ ಆಗಬೇಕು. ಕ್ಯಾಬಿನ್‌ಗೆ ಕರೆದು ಗುಟ್ಟಾಗಿ ಹೇಳಿದರೆ ಅದು ಅರ್ಧ ಸಾಲ ತೀರಿಸಿದ ಹಾಗೆ. ಶಿಫ್ಟ್ ಬದಲಾಗುವಾಗ ಬೋರ್ಡ್ ಹತ್ತಿರ ಎಲ್ಲರೂ ನಿಂತಿರುತ್ತಾರಲ್ಲ, ಆಗ ಹೇಳಿ: ‘ಅವತ್ತು ತಪ್ಪು ಇವನದಾಗಿರಲಿಲ್ಲ. ನಾನು ವಿಚಾರಿಸದೆ ಬೈದೆ. ಅದು ನನ್ನ ತಪ್ಪು.’ ಮೂರೇ ಮಾತು ಸಾಕು. ‘ಆದರೆ’ ಅನ್ನುವ ಪದ ಬಾಯಿಗೆ ಬಂದರೆ ಅಲ್ಲೇ ನಿಲ್ಲಿಸಿ, ಅದರ ಹಿಂದೆ ಬರುವುದೆಲ್ಲ ವಕೀಲಿಕೆ. ಭಾಷಣ ಬೇಡ, ಕೈ ಮುಗಿಯುವ ನಾಟಕವೂ ಬೇಡ. ಹುಡುಗ ಮುಜುಗರಪಡುತ್ತಾನೆ, ಯಾರೋ ಒಬ್ಬ ಹಿರಿಯ ಕೆಮ್ಮುತ್ತಾನೆ, ಎಲ್ಲರೂ ಮಷೀನ್ ಕಡೆ ಹೋಗುತ್ತಾರೆ. ಗೌರವ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ನಿಮಗಿರಬಹುದು. ನನಗೂ ಇತ್ತು. ನಾನು ಆ ಗೇಜಿನ ಹುಡುಗನಿಗೆ ಹೇಳಿದ ಮಾರನೇ ವಾರವೇ ಇಬ್ಬರು ಬಂದು ನನಗೆ ಗೊತ್ತೇ ಇರದ ಎರಡು ಹಳೇ ತೊಂದರೆ ಹೇಳಿದರು.

ಆಮೇಲೆ ನಿಮ್ಮ ಬಾಯಿಂದ ಬರುವ ಮೊದಲ ಪದ ಬದಲಿಸಿ. ತಪ್ಪಾದಾಗ ನಮ್ಮೆಲ್ಲರ ಬಾಯಲ್ಲಿ ಮೊದಲು ಬರುವುದು ‘ಯಾರು’. ಯಾರು ಮಾಡಿದ್ದು? ಆ ಪದ ಕೇಳಿದ ಕೂಡಲೇ 22 ಜನರ ತಲೆಯೂ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ. ‘ಏನಾಯ್ತು?’ ಅಂತ ಶುರು ಮಾಡಿ. ಮೊದಲು ಪೀಸ್ ನೋಡಿ, ಗೇಜ್ ನೋಡಿ, ಆಫ್‌ಸೆಟ್ ಪುಟ ನೋಡಿ. ಮನುಷ್ಯನ ಮುಖ ಕೊನೆಗೆ. ಅಷ್ಟರಲ್ಲಿ ಮೂರು ನಿಮಿಷ ಕಳೆದಿರುತ್ತದೆ, ಸಿಟ್ಟು ಇಳಿಯಲು ಬೇಕಾದ್ದೂ ಅಷ್ಟೇ. ನಿಮ್ಮ ಪ್ರಕರಣದಲ್ಲೇ ನೋಡಿ, ಮಷೀನ್ ಸ್ಕ್ರೀನ್ ಮೊದಲು ನೋಡಿದ್ದರೆ ತಪ್ಪು ಹಿಂದಿನ ಶಿಫ್ಟಿನದು ಅಂತ ಅಲ್ಲೇ ಗೊತ್ತಾಗುತ್ತಿತ್ತಲ್ವಾ?

ಯಾವ ಹೊತ್ತಿಗೆ ನಿಮಗೆ ಸಿಟ್ಟು ಬರುತ್ತದೆ ಅಂತ ಎರಡು ವಾರ ಡೈರಿಯಲ್ಲಿ ಗುರುತು ಹಾಕಿ. ಕಾರಣ ಬರೆಯಬೇಡಿ, ಸಮಯ ಮಾತ್ರ. ನನ್ನದು ಹನ್ನೊಂದೂವರೆಯಿಂದ ಒಂದು ಗಂಟೆ. ತಿಂಡಿ ಬಿಟ್ಟು ಬರುತ್ತಿದ್ದೆ! ಇಷ್ಟು ವರ್ಷ ಅದನ್ನು ಶಿಸ್ತು, ಖಡಕ್ ಸ್ವಭಾವ ಅಂದುಕೊಂಡಿದ್ದೆ. ಎರಡು ಇಡ್ಲಿಯ ಕೊರತೆ. ನೈಟ್ ಶಿಫ್ಟ್ ಮುಗಿಸಿ ನಿದ್ದೆಗೆಟ್ಟವರಿಗೂ ಹೀಗೇ ಆಗುತ್ತದೆ. ಧ್ಯಾನದ ಆ್ಯಪ್ ಗೀಪ್ ಬೇಕಾದರೆ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ, ಮೊದಲು ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ನೋಡಿಕೊಳ್ಳಿ. ಸಿಟ್ಟು ಮನೆಯಲ್ಲೂ ಹೀಗೇ ಇದ್ದರೆ, ಕೈ ಎತ್ತುವ ಮಟ್ಟಕ್ಕೆ ಹೋಗುತ್ತಿದ್ದರೆ, ಅಥವಾ ಕುಡಿತ ಸೇರಿದ್ದರೆ, ಅದು ನನ್ನಂಥವನ ಉತ್ತರಕ್ಕೆ ಮೀರಿದ್ದು. 14416 ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಸಂಕೋಚ ಬೇಡ.

ಗುಣ ಅಂದರೆ ಸಿಟ್ಟು ಒಂದೇ ಅಲ್ಲ ಅಂತ ಮೊದಲೇ ಹೇಳಿದೆ. ನಿಮ್ಮ ಕೆಲಸದಲ್ಲಿ ಅದು ಕಾಣುವ ಇನ್ನೊಂದು ಜಾಗ ರಿಜೆಕ್ಷನ್ ರಿಜಿಸ್ಟರ್. ತಿಂಗಳ ಕೊನೆ, ಸಂಖ್ಯೆ ಸ್ವಲ್ಪ ಜಾಸ್ತಿಯಾಗಿದೆ. ಹುಡುಗನಿಗೆ ‘ಏಯ್, ಹನ್ನೆರಡು ಅಂತ ಬರಿ, ಉಳಿದಿದ್ದು ಮುಂದಿನ ತಿಂಗಳಿಗೆ ಹಾಕೋಣ’ ಅನ್ನುತ್ತೀರಿ. ಮೇಲಿನವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಆ ಹುಡುಗನಿಗೆ ಗೊತ್ತು. ಅವನು ಕಲಿತದ್ದು ಏನೆಂದರೆ, ಇಲ್ಲಿ ಸಂಖ್ಯೆ ಅನ್ನುವುದು ಬರೆಯುವವನ ಅನುಕೂಲ. ನಾಳೆ ಅವನು ನಿಮಗೆ ಕೊಡುವ ರೀಡಿಂಗ್ ನಂಬುತ್ತೀರಾ? ನೀವು ಎಂಟು ನಿಮಿಷ ತಡವಾಗಿ ಬಂದ ದಿನ ಪಂಚಿಂಗ್ ಬಗ್ಗೆ ಏನು ಮಾಡುತ್ತೀರಿ, ನಿಮ್ಮ ಊರಿನ ಹುಡುಗನಿಗೂ ಬೇರೆ ರಾಜ್ಯದಿಂದ ಬಂದವನಿಗೂ ಓವರ್‌ಟೈಮ್ ಹೇಗೆ ಹಂಚುತ್ತೀರಿ, ಇವೆಲ್ಲ ಅವರು ನೋಡುವ ಪರೀಕ್ಷೆಗಳೇ. ಇವನ್ನು ಯಾವ ಟ್ರೈನಿಂಗಿನಲ್ಲೂ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕಾಗಿಯೂ ಇಲ್ಲ, ಎಲ್ಲರಿಗೂ ಗೊತ್ತಿರುವುದೇ. ಹಾಗಂತ ಆ ವಿಷನ್, ಕಮ್ಯುನಿಕೇಷನ್ ಪಾಠಗಳು ಸುಳ್ಳಲ್ಲ, ಅವನ್ನೂ ಕಲಿಯಿರಿ. ಆದರೆ ನಿಮ್ಮಪ್ಪ ಹೇಳಿದ ಕೆಲಸ ಆಗದೆ ಅವು ಕೈಗೆ ಹತ್ತುವುದಿಲ್ಲ.

ಒಂದೇ ಒಂದು ಎಚ್ಚರಿಕೆ: ಮೌನ ಒಂದು ವಾರದಲ್ಲಿ ಹೋಗುವುದಿಲ್ಲ. ನೀವು ಕ್ಷಮೆ ಕೇಳಿದ ಮೇಲೂ ಜನ ಕಾದು ನೋಡುತ್ತಾರೆ. ಯಾರೋ ಒಬ್ಬರು ಬೇಕೆಂದೇ ಒಂದು ಸಣ್ಣ ಕೆಟ್ಟ ಸುದ್ದಿ ತಂದು ನಿಮ್ಮ ಮುಂದಿಟ್ಟು ಪರೀಕ್ಷೆ ಮಾಡುತ್ತಾರೆ. ಅವತ್ತು ಜಾರಿದರೆ ಮತ್ತೆ ಮೊದಲಿಂದ. ಜಾರುತ್ತೀರಿ ಕೂಡ, ನಾನು ಮೂರು ಸಲ ಜಾರಿದ್ದೆ.

ಆ ಟ್ರೈನಿ ಹುಡುಗ ಯಾವತ್ತಾದರೂ ಕೆಟ್ಟ ಪೀಸ್ ಒಂದನ್ನು ಕೈಯಲ್ಲಿ ಹಿಡಿದು, ನೀವು ಕರೆಯದೆ, ತಾನಾಗಿ ನಿಮ್ಮ ಟೇಬಲ್ ಹತ್ತಿರ ಬಂದರೆ ನನಗೆ ಒಂದು ಸಾಲು ಬರೆಯಿರಿ. ಎಷ್ಟು ಮೈಕ್ರಾನ್ ತಪ್ಪಿತ್ತು ಅನ್ನುವುದನ್ನೂ ಬರೆಯಿರಿ. ಹಳೇ ಚಾಳಿ, ಅದು ತಿಳಿಯದಿದ್ದರೆ ನನಗೆ ಸಮಾಧಾನ ಇರುವುದಿಲ್ಲ.